ಸದ್ದಿಗಿಂತ ಮೊದಲು ಬಂದವನು

ಆ ಊರಿಗೆ ದಾರಿ ಯಾವುದು ಅಂತ ನನ್ನನ್ನು ಕೇಳಬೇಡಿ. ತಿರುಗುವವನಿಗೆ ಊರು ನೆನಪಿರುತ್ತದೆ, ದಾರಿ ಇರುವುದಿಲ್ಲ. ಒಂದು ಹುಣಸೆಮರದ ತಿರುವು ಇತ್ತು. ತಿರುವಿನಿಂದ ಮೇಲಕ್ಕೆ ಒಂದು ಗಲ್ಲಿ. ಗಲ್ಲಿಯ ಎರಡೂ ಕಡೆ ಮನೆ, ಪ್ರತಿ ಮನೆಗೂ ಕಲ್ಲಿನ ಹೊಸ್ತಿಲು, ಪ್ರತಿ ಹೊಸ್ತಿಲಲ್ಲೂ ತಂಬಿಗೆ ಕೂತು ಕೂತು ಸವೆದ ಒಂದು ದುಂಡನೆಯ ಗುಳಿ. ಇಷ್ಟು ಮಾತ್ರ ಗ್ಯಾರಂಟಿ.

ಅಲ್ಲಿನ ಗಂಡಸರೆಲ್ಲ ಸಣ್ಣ ಮೋಟರ್‌ಸೈಕಲ್ಲಿನವರು. ಚೋಕ್ ಎಳೆದು, ಒಂದು ಪಕ್ಕಕ್ಕೆ ವಾಲಿಸಿ, ಕಿಕ್ ಹೊಡೆದರೆ ಎದ್ದು ಕೂರುವ ಗಾಡಿಗಳು. ಹಿಂದಿನ ಚಕ್ರಕ್ಕೆ ಹೆಂಗಸರ ಸೀರೆ ಸಿಕ್ಕದ ಹಾಗೆ ಕಂಬಿಯ ಜಾಲರಿ. ಒಂದರ ಸದ್ದು ಇನ್ನೊಂದಕ್ಕಿಲ್ಲ. ಒಂದು ಕೆಮ್ಮುತ್ತಿತ್ತು, ಒಂದು ಗೊಣಗುತ್ತಿತ್ತು, ಒಂದು ಹಲ್ಲು ಕಡಿಯುತ್ತಿತ್ತು. ಗಲ್ಲಿಯವರು ಕಣ್ಣು ಮುಚ್ಚಿಕೊಂಡೇ ಇಂಥವನು ಬಂದ ಅನ್ನುತ್ತಿದ್ದರು.

ಆ ಊರಿನ ಕಟ್ಟು ಇದು. ಸದ್ದು ಮೊದಲು. ಆಮೇಲೆ ನೀರು. ಆಮೇಲೆ ಮನುಷ್ಯ.

ಹುಣಸೆಮರದ ಹತ್ತಿರ ಗಾಡಿಯ ಸದ್ದು ಕೇಳಿದ ಕೂಡಲೇ ಮನೆಯವರು ತಂಬಿಗೆಯಲ್ಲಿ ನೀರು ತಂದು ಹೊಸ್ತಿಲ ಗುಳಿಯಲ್ಲಿ ಇಡಬೇಕು. ಬಂದವನು ಅದನ್ನು ಪೂರಾ ಕುಡಿದು, ತಂಬಿಗೆಯನ್ನು ಬೋರಲು ಹಾಕಿ, ಆಮೇಲೆ ಒಳಗೆ ಕಾಲಿಡಬೇಕು. ಸದ್ದು ಕೇಳಿದ್ದಕ್ಕೂ ಮನುಷ್ಯ ಬಂದದ್ದಕ್ಕೂ ನಡುವೆ ಇರುವ ಹೊತ್ತಿಗೆ ಅವರು ಸದ್ದಿನ ಹೊತ್ತು ಅನ್ನುತ್ತಿದ್ದರು. ಆ ಹೊತ್ತೂ ಅದಕ್ಕೆ ಮುಂಚಿನ ಹೊತ್ತೂ ಮನೆಯಲ್ಲಿದ್ದವರದು. ಅದರಲ್ಲಿ ಏನಾಯಿತು ಎಂದು ಬಂದವನು ಕೇಳುವಂತಿಲ್ಲ, ಇದ್ದವರು ಹೇಳುವಂತಿಲ್ಲ.

ಸದ್ದು ಬಂದು, ನೀರು ಇಟ್ಟು, ಕುಡಿಯುವವನು ಬಾರದೆ ರಾತ್ರಿ ಕಳೆದರೆ, ಬೆಳಿಗ್ಗೆ ಆ ನೀರನ್ನು ಗಲ್ಲಿಗೆ ಚೆಲ್ಲುತ್ತಿದ್ದರು. ಗುಳಿಗೆ ಹಸಿಮಣ್ಣು ಮೆತ್ತುತ್ತಿದ್ದರು. ಆಮೇಲೆ ಅವನು ಬಂದರೂ ಬಂದ ಹಾಗಲ್ಲ. ಜಗಲಿಯ ಮೇಲೆ ಕೂರಿಸಿ, ಎಲ್ಲಿಂದ ಬಂದಿರಿ, ಊಟ ಆಯಿತಾ ಎಂದು ಕೇಳಿ, ಮುಂದಿನ ಊರಿಗೆ ದಾರಿ ತೋರಿಸುತ್ತಿದ್ದರು. ಸ್ವಂತ ಹೆಂಡತಿಯೇ ತೋರಿಸುತ್ತಿದ್ದಳು.

ಆ ಗಲ್ಲಿಯಲ್ಲಿ ಒಬ್ಬ ಸವಾರನಿದ್ದ. ಅವನ ಗಾಡಿ ದುಗುದುಗು ದುಗುದುಗು ಅಂತ ಬಂದು, ನಡುವೆ ಒಂದು ಸಲ 'ಕ್ಕು' ಅಂತ ಬಿಕ್ಕುತ್ತಿತ್ತು. ಯಾವ ಮೆಕ್ಯಾನಿಕ್ಕಿಗೂ ಆ ಬಿಕ್ಕಳಿಕೆ ಬಿಡಿಸಲು ಆಗಿರಲಿಲ್ಲ. ಆ 'ಕ್ಕು' ಕೇಳಿದರೆ ಅವನ ಹೆಂಡತಿ ತಂಬಿಗೆ ಎತ್ತುತ್ತಿದ್ದಳು. ಅವನು ಬರುವ ಹೊತ್ತಿಗೆ ಅವಳು ಹೊಸ್ತಿಲ ಒಳಗೆ, ತಲೆ ಬಾಚಿ, ಎರಡೂ ಕೈ ಬಿಟ್ಟುಕೊಂಡು, ನಗುತ್ತ ನಿಂತಿರುತ್ತಿದ್ದಳು. ಅವನು ಕುಡಿಯುತ್ತಿದ್ದ. ಬೋರಲು ಹಾಕುತ್ತಿದ್ದ. ಒಳಗೆ ಹೋಗುತ್ತಿದ್ದ. ದಿನಾ ಇದೇ.

ಊರ ಹೊರಗೆ ಒಂದು ಗಾಜಿನಂಗಡಿ ಇತ್ತು. ಅದಕ್ಕೆ ಹೊಸ್ತಿಲಿರಲಿಲ್ಲ. ಗಾಜಿನ ಹಿಂದೆ ಒಂದೇ ಒಂದು ದೊಡ್ಡ ಬೈಕು, ಹಾರಲು ಹೊಂಚಿದ ಬೆಕ್ಕಿನ ಹಾಗೆ ಮುಂದಕ್ಕೆ ಬಗ್ಗಿ, ಹಿಂಭಾಗ ಎತ್ತಿಕೊಂಡು ನಿಂತಿತ್ತು. ಟ್ಯಾಂಕು ಹೋರಿಯ ಬೆನ್ನ ಮೇಲಿನ ಹಿಣಿಲಿನಂತೆ. ಕಿಕ್ ಇಲ್ಲ, ಚೋಕ್ ಇಲ್ಲ, ಜಾಲರಿ ಇಲ್ಲ. ಸವಾರ ಹೋಗುವಾಗ ಒಮ್ಮೆ ನೋಡುತ್ತಿದ್ದ, ಬರುವಾಗ ಒಮ್ಮೆ ನೋಡುತ್ತಿದ್ದ. ಒಂದು ದಿನ ಗಾಡಿ ನಿಲ್ಲಿಸಿಯೇ ನೋಡಿದ.

"ಹತ್ತಿ ನೋಡಿ ಅಣ್ಣಾ," ಅಂದ ಗಾಜಿನಂಗಡಿಯವನು. "ಕೂತರೆ ಸವೆಯೋದಿಲ್ಲ."

"ನಮಗ್ಯಾಕಪ್ಪಾ ಇದು. ನಮ್ಮ ಗಲ್ಲಿಗೆ ನಮ್ಮದೇ ಸಾಕು."

"ನಿಮ್ಮದು ಗಾಡಿ ಅಲ್ಲ ಬಿಡಿ, ಡಂಗುರ. ಬರೋದು ಆಮೇಲೆ, ಸಾರೋದು ಮೊದಲು. ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬಾರದು."

"ಕೇಳಿ."

"ನಿಮ್ಮ ಮನೆ ನೀವು ಯಾವತ್ತಾದ್ರೂ ನೋಡಿದೀರಾ?"

"ಇದೊಳ್ಳೆ ಮಾತಾಯ್ತು. ದಿನಾ ನೋಡ್ತೀನಿ."

"ನೀವು ಬರ್ತೀರಿ ಅಂತ ಗೊತ್ತಾದ ಮನೆ ನೋಡ್ತೀರಿ. ಗೊತ್ತಿಲ್ಲದ ಮನೆ ನೋಡಿದೀರಾ?"

ಸವಾರ ದೊಡ್ಡ ಬೈಕಿನ ಟ್ಯಾಂಕಿನ ಮೇಲೆ ಕೈಯಾಡಿಸಿದ.

"ಹುಣಸೆಮರದಿಂದ ಬಾಗಿಲವರೆಗೆ ನಿಮ್ಮ ಗಾಡಿ ಎಷ್ಟು ಹೊತ್ತು ತಗೊಳ್ಳುತ್ತೆ! ಅಷ್ಟು ಹೊತ್ತಲ್ಲಿ ಒಬ್ಬರು ಏನೇನು ಮುಚ್ಚಿಡಬಹುದು, ಏನೇನು ಒರೆಸಬಹುದು, ಯಾರ್‍ಯಾರನ್ನ ಹಿತ್ತಿಲಿಂದ ಕಳಿಸಬಹುದು... ನಾನು ಹಾಗಂತ ಹೇಳ್ತಿಲ್ಲ. ನಿಮ್ಮ ಮನೆಯವರು ಬಂಗಾರ. ಸುಮ್ನೆ ಮಾತಿಗೆ ಅಂದೆ."

ಸುಮ್ಮನೆ ಅಂದ ಮಾತು ಸುಮ್ಮನೆ ಕೂರಲಿಲ್ಲ. ಆವತ್ತು ಸವಾರ ಮನೆಗೆ ಬಂದಾಗ ನೀರು ಇತ್ತು, ನಗು ಇತ್ತು, ಬಾಚಿದ ತಲೆ ಇತ್ತು. ಎಲ್ಲ ಇದ್ದದ್ದೇ ಅವನಿಗೆ ಸರಿ ಕಾಣಲಿಲ್ಲ. ಹಿತ್ತಿಲ ಬಾಗಿಲು ನೋಡಿದ. ಚಿಲಕ ಹಾಕಿತ್ತು. ಈಗ ತಾನೇ ಹಾಕಿದ್ದು ಅನ್ನಿಸಿತು.

ಮಾರನೆಯ ದಿನ ಹೋಗಿ ಸಣ್ಣ ಗಾಡಿಯನ್ನು ಗಾಜಿನಂಗಡಿಯಲ್ಲಿ ಬಿಟ್ಟು ದೊಡ್ಡದನ್ನು ಹತ್ತಿದ. ಅಂಗಡಿಯವನು ಪೂಜೆ ಮಾಡಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟ. ಸವಾರ ಕೈ ತಿರುವಿದ. ಗಾಡಿ ಹೋಗಿ, ರಸ್ತೆಯ ಆ ತುದಿಯಲ್ಲಿ ಚುಕ್ಕಿಯಾದ ಮೇಲೆ ನಿಂಬೆಹಣ್ಣು ಸಿಡಿಯಿತು.

ಆ ಓಟವನ್ನು ಅಲ್ಲಗಳೆಯುವಂತಿಲ್ಲ. ಕೈ ಸ್ವಲ್ಪ ತಿರುವಿದರೆ ರಸ್ತೆ ಹಗ್ಗ ಎಳೆದ ಹಾಗೆ ಅವನತ್ತ ಬರುತ್ತಿತ್ತು. ಗುಡ್ಡಗಳು ದಾರಿ ಬಿಡುತ್ತಿದ್ದವು. ಅವನು ಟ್ಯಾಂಕಿನ ಮೇಲೆ ಎದೆಯಿಟ್ಟು ಮಲಗಿದ, ಗಾಳಿ ಅವನ ಬೆನ್ನ ಮೇಲಿಂದ ಹರಿದು ಹೋಯಿತು, ಬಾಯಲ್ಲಿ ನಗು ತಾನಾಗಿ ಬಂತು. ಇಷ್ಟು ದಿನ ತಾನು ಬದುಕಿದ್ದು ಬರೀ ಎರಡನೇ ಗೇರಿನಲ್ಲಿ ಅನ್ನಿಸಿತು. ಆದರೆ ಒಂದು ವಿಚಿತ್ರ ಇತ್ತು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಅಷ್ಟು ದೊಡ್ಡ ಗಾಡಿ, ಸದ್ದೇ ಇಲ್ಲ. ಹಿಂದೆ ಬಹಳ ದೂರದಲ್ಲಿ ಏನೋ ಗುಡುಗಿದ ಹಾಗಾಯಿತು. ಏನೋ ಅಟ್ಟಿಸಿಕೊಂಡು ಬರುತ್ತಿದೆ ಅಂತ ಕನ್ನಡಿ ನೋಡಿದ. ಆ ಗಾಡಿಯ ಕನ್ನಡಿಯಲ್ಲಿ ಹಿಂದಿನ ದಾರಿ ಕಾಣುತ್ತಿರಲಿಲ್ಲ, ಬರೀ ತನ್ನ ಮೊಣಕೈ ಕಾಣುತ್ತಿತ್ತು. ಬಲಗಡೆ ಬಲ ಮೊಣಕೈ. ಎಡಗಡೆ ಎಡ ಮೊಣಕೈ.

ಹುಣಸೆಮರ ಬಂತು, ಹೋಯಿತು. ಗಲ್ಲಿ.

ಕಟ್ಟೆಯ ಮೇಲೆ ಇಬ್ಬರು ಯಜಮಾನರು ಕೂತಿದ್ದರು. ದಿನಾ ಅವನನ್ನು ಕಂಡರೆ ಬಾರಪ್ಪಾ ಎಂದು ಕೈ ಎತ್ತುತ್ತಿದ್ದವರು. ಈಗ ಒಬ್ಬರು ಭುಜ ಕುಗ್ಗಿಸಿ, ಕೈಗಳನ್ನು ಹ್ಯಾಂಡಲ್ ಹಿಡಿದಂತೆ ಚಾಚಿ, ಗೋಣು ಅಲ್ಲಾಡಿಸುತ್ತ 'ಕ್ಕು' ಅನ್ನುತ್ತಿದ್ದರು. ಇನ್ನೊಬ್ಬರು ಹಲ್ಲಿನ ಸೆಟ್ಟು ಕೈಯಲ್ಲಿ ತೆಗೆದಿಟ್ಟುಕೊಂಡು ಬೊಚ್ಚುಬಾಯಿ ತುಂಬ ನಗುತ್ತಿದ್ದರು. ಅವನನ್ನು ಕಂಡು ಇಬ್ಬರೂ ಕೂತಲ್ಲೇ ಕಲ್ಲಾದರು. ಓಹೋ, ಅಂದುಕೊಂಡ ಸವಾರ. ಇದಾ ಸಮಾಚಾರ.

ಮನೆಯ ಹೊಸ್ತಿಲು ಒಣಗಿತ್ತು. ಗುಳಿ ಖಾಲಿ. ನೀರಿಲ್ಲದೆ ಒಳಗೆ ಕಾಲಿಟ್ಟ, ಜೀವನದಲ್ಲಿ ಮೊದಲ ಸಲ.

ಹೆಂಡತಿ ಗೋಡೆಗೊರಗಿ ನೆಲದ ಮೇಲೆ ಕಾಲು ನೀಡಿ ಕೂತಿದ್ದಳು. ಕೂದಲು ಬಿಚ್ಚಿತ್ತು. ಮುಖ ಅವನು ಕಾಣದ ಮುಖ. ಬಲಗೈ ಮುಷ್ಟಿ ಬಿಗಿಯಾಗಿ ಕಟ್ಟಿತ್ತು.

ಅವಳು ತಲೆಯೆತ್ತಿ ಕೇಳಿದಳು: "ಯಾರು ಬೇಕಾಗಿತ್ತು?"

"ನಾನು ಕಣೇ!"

ಅವಳು ಗಡಬಡಿಸಿ ಎದ್ದಳು. ಮುಷ್ಟಿ ಸೆರಗಿನ ಹಿಂದೆ ಹೋಯಿತು.

"ಏನದು ಕೈಯಲ್ಲಿ?"

"ಏನೂ ಇಲ್ಲ."

"ತೋರಿಸು."

"ಕೇಳಬಾರದ್ದು ಕೇಳ್ತಿದೀರಿ. ಸದ್ದು ಇನ್ನೂ ಬಂದಿಲ್ಲ, ಇದು ನನ್ನ ಹೊತ್ತು."

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಂಗೈ ಖಾಲಿ ಇತ್ತು. ಉಗುರು ಊರಿ ಕೆಂಪಾದ ಗೆರೆಗಳು ಮಾತ್ರ. ಏನಾದರೂ ಸಿಕ್ಕಿದ್ದರೆ ಅವನು ಜಗಳವಾಡಿ ಸುಮ್ಮನಾಗುತ್ತಿದ್ದ. ಖಾಲಿ ಅಂಗೈಯನ್ನು ಯಾಕೆ ಮುಚ್ಚಿಟ್ಟಳು?

ಆಗ ಹುಣಸೆಮರದ ಹತ್ತಿರ ಸದ್ದು ಕೇಳಿತು. ಭೋರೆಂದು, ಮಗ್ಗುಲಿಗೆ ಮಗ್ಗುಲು ಉರುಳುತ್ತ, ದೊಡ್ಡ ಬೈಕಿನ ಸದ್ದು ತಾನೊಂದೇ ಗಲ್ಲಿ ಏರಿ ಬಂತು. ಹೆಂಡತಿ ಕೂದಲು ಕಟ್ಟಿಕೊಂಡಳು. ತಂಬಿಗೆ ತುಂಬಿದಳು. ಹೊಸ್ತಿಲ ಗುಳಿಯಲ್ಲಿ ಇಟ್ಟಳು. ಗಲ್ಲಿಯ ಕಡೆ ಮುಖ ಮಾಡಿ ನಗುತ್ತ ನಿಂತಳು. ಸದ್ದು ಬಾಗಿಲವರೆಗೆ ಬಂದು ನಿಂತುಹೋಯಿತು.

"ನಾನು ಇಲ್ಲೇ ಇದೀನಲ್ಲೇ, ನಿನ್ನ ಹಿಂದೆ!"

"ಹೂಂ, ಇದೀರಿ. ಸದ್ದು ಬಂತಲ್ಲ, ನೀರು ಇಡಬೇಡ್ವಾ?"

"ಕೊಡು ಇಲ್ಲಿ, ಕುಡೀತೀನಿ."

"ಒಳಗಿದ್ದವರು ಹೊಸ್ತಿಲ ನೀರು ಕುಡಿಯೋ ಹಾಗಿಲ್ಲ. ಅದು ಬರೋವ್ರಿಗೆ."

ಬೆಳಿಗ್ಗೆ ಅವನು ಎದ್ದು ನೋಡಿದಾಗ ತಂಬಿಗೆ ಗುಳಿಯಲ್ಲಿ ಬೋರಲಾಗಿತ್ತು. ನೀರು ಚೆಲ್ಲಿದ ಗುರುತಿಲ್ಲ. ಯಾರೋ ಬಂದಿದ್ದಾರೆ. ಯಾರೋ ಕುಡಿದಿದ್ದಾರೆ.

ಅಲ್ಲಿಂದ ಅವನಿಗೆ ಬೇರೆ ಕೆಲಸವೇ ಇಲ್ಲದಾಯಿತು. ನನ್ನ ಹಿಂದೆ ಬರುವವನು ಯಾರು? ದಿನಾ ಬೇಗ ಬಂದ. ನಿನ್ನೆಗಿಂತ ಇವತ್ತು ಬೇಗ, ಇವತ್ತಿಗಿಂತ ನಾಳೆ ಬೇಗ. ದಿನಾ ಹೊಸ್ತಿಲು ಒಣಗಿರುತ್ತಿತ್ತು, ಮುಷ್ಟಿ ಕಟ್ಟಿರುತ್ತಿತ್ತು, ಆಮೇಲೆ ಸದ್ದು ಬರುತ್ತಿತ್ತು, ನೀರು ಇಡುತ್ತಿದ್ದಳು. ಬೆಳಿಗ್ಗೆ ತಂಬಿಗೆ ಬೋರಲು. ಹಿತ್ತಿಲಿಗೆ ಹೋಗಿ ಹೆಜ್ಜೆ ಹುಡುಕಿದ. ಅವನವೇ ಹೆಜ್ಜೆ ಇದ್ದವು. ಅದರ ಮೇಲೂ ಅನುಮಾನ ಬಂತು.

ದಾರಿಯಲ್ಲಿ ಬೇರೆ ಮನೆಗಳೂ ಕಣ್ಣಿಗೆ ಬಿದ್ದವು. ಒಬ್ಬರಿಗೊಬ್ಬರು ಅಣ್ಣತಮ್ಮಂದಿರಂತಿದ್ದ ಅಕ್ಕಪಕ್ಕದವರು ಗೋಡೆಗೆ ಕಿವಿ ಕೊಟ್ಟು ನಿಂತದ್ದು ಕಂಡ. ಯಾವಾಗಲೂ ಗದರುವ ಗಂಡಸೊಬ್ಬ ಕಸಬರಿಗೆ ಹಿಡಿದು ಅಳುತ್ತಿದ್ದ. ಅವರೂ ಇವನನ್ನು ಕಂಡರು. ಗಲ್ಲಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಹಗಲಲ್ಲೂ ತೆರೆಯಲಿಲ್ಲ. ಸದ್ದು ಕೇಳದಿದ್ದರೂ ಜನ ಸುಮ್ಮಸುಮ್ಮನೆ ತಲೆ ಬಾಚಿಕೊಂಡು, ಸುಮ್ಮಸುಮ್ಮನೆ ನಗುತ್ತ ಕೂರತೊಡಗಿದರು. ಯಾವಾಗ ಬರುತ್ತಾನೋ ಏನೋ.

ಎದುರು ಮನೆಯ ಅಜ್ಜಿ ಮಾತ್ರ ಕಿಟಕಿಯಲ್ಲಿ ಮುಖ ಇಟ್ಟು ಕರೆದಳು. "ಲೋ ಮಗಾ, ಹೇಳದೇ ಬರೋದು ಕಳ್ಳ, ಇಲ್ಲಾಂದ್ರೆ ಯಮ. ನೀನು ಇಬ್ಬರಲ್ಲಿ ಯಾರು ಅಂತ ಹೇಳಿಬಿಡು, ಯಾವ ಬಾಗಿಲು ಹಾಕ್ಕೋಬೇಕು ಅಂತ ನೋಡ್ತೀನಿ."

"ನನ್ನ ಮನೆಗೆ ನಾನು ಬರ್ತೀನಿ ಅಜ್ಜಿ. ಅದಕ್ಕೂ ಡಂಗುರ ಹೊಡೀಬೇಕಾ?"

"ಹೊಡೀಬೇಕು. ನೀನು ಬರ್ತೀನಿ ಅಂದಾಗಲೇ ಅಲ್ವೇನೋ ಅದು ನಿನ್ನ ಮನೆ ಆಗೋದು."

ಅವನಿಗೆ ಆ ಮಾತು ಹಿಡಿಸಲಿಲ್ಲ. ಅಜ್ಜಿಯೂ ಅವಳ ಕಡೆಯವಳೇ ಅಂದುಕೊಂಡ.

ಹೆಂಡತಿಯನ್ನು ಒಲಿಸಿ ಬಾಯಿ ಬಿಡಿಸೋಣವೆಂದು ಒಂದು ದಿನ ಬೈಕಿನ ಮೇಲೆ ಕರೆದ. ಅವಳು ಹೊರಗೆ ಬಂದು ಹಿಂದಿನ ಸೀಟು ನೋಡಿದಳು. ಎತ್ತರದಲ್ಲಿ, ಅಂಗೈಯಗಲ, ಹಿಡಿಯಲು ಏನೂ ಇಲ್ಲ.

"ಇದು ಕೂರೋ ಜಾಗಾನಾ, ಕಾಗೆಗೆ ಪಿಂಡ ಇಡೋ ಜಾಗಾನಾ?"

"ಒಂದು ಕಡೆ ಕಾಲು ಹಾಕಿ ಕೂರಬೇಡ. ಗಟ್ಟಿಯಾಗಿ ನನ್ನ ಹಿಡ್ಕೊ."

"ನನ್ನ ಸೀರೆ?"

ಅವನು ಹಿಂದಿನ ಚಕ್ರ ನೋಡಿದ. ಜಾಲರಿ ಇರಲಿಲ್ಲ. ಅವಳು ಒಳಗೆ ಹೋದಳು. ಹತ್ತದೇ ಇರಲು ಇದೊಂದು ನೆಪ, ಅಂದುಕೊಂಡ.

ಕೊನೆಗೆ ಅವನು ತೀರ್ಮಾನ ಮಾಡಿದ. ಮಧ್ಯಾಹ್ನದ ಮೇಲೆ ಹೊರಟು, ತಿರುವಿದಷ್ಟೂ ಕೈ ತಿರುವಿದ. ಆವತ್ತು ಅವನು ಎಷ್ಟು ಬೇಗ ಬಂದನೆಂದರೆ ಹುಣಸೆಮರದ ಮೇಲಿನ ಹಕ್ಕಿಗಳು ಕದಲಲಿಲ್ಲ. ಬೈಕನ್ನು ಹಿತ್ತಿಲ ಬೇಲಿಯ ಮರೆಗೆ ನಿಲ್ಲಿಸಿದ. ಹೆಂಡತಿ ಬಾವಿಕಟ್ಟೆಯಲ್ಲಿದ್ದಳು. ಒಳಗೆ ನುಸುಳಿ ಮುಂಬಾಗಿಲ ಕದದ ಹಿಂದೆ ನಿಂತ. ಇವತ್ತು ನೋಡೇಬಿಡುತ್ತೇನೆ, ನನ್ನ ನೀರು ಕುಡಿಯುವವನ ಮುಖ.

ಹೆಂಡತಿ ಬಂದು ಗೋಡೆಗೊರಗಿ ಕೂತಳು. ಕೈ ಮುಷ್ಟಿ. ಹೊತ್ತು ಇಳಿಯಿತು. ಅವಳು ಏನೂ ಮಾಡಲಿಲ್ಲ. ರಸ್ತೆಯ ಕಡೆ ಕಿವಿ ಇಟ್ಟು ಕೂತೇ ಇದ್ದಳು, ದೂರದಲ್ಲಿ ಯಾವ ಗಾಡಿ ಕೆಮ್ಮಿದರೂ ಮುಷ್ಟಿ ಇನ್ನೂ ಬಿಗಿಯಾಗುತ್ತಿತ್ತು.

ಸದ್ದು ಬಂತು. ಅವಳು ಎದ್ದಳು. ನೀರು ಇಟ್ಟಳು. ನಗುತ್ತ ನಿಂತಳು. ಸದ್ದು ಬಾಗಿಲಿಗೆ ಬಂದು ನಿಂತಿತು. ಅದರ ಹಿಂದೆ ಯಾರೂ ಬರಲಿಲ್ಲ. ನಗು ಹಾಗೇ ಒಣಗಿತು. ಮುಷ್ಟಿ ಬಿಚ್ಚಲಿಲ್ಲ, ಎಡಗೈಯಿಂದ ಬಲಗೈಯನ್ನು ಅವಳೇ ಬಿಡಿಸಿಕೊಂಡಳು.

ಗಲ್ಲಿಯಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅವಳು ಆಚೆ ನೋಡಿದಳು, ಈಚೆ ನೋಡಿದಳು. ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ತಂಬಿಗೆ ಎತ್ತಿ ಗಟಗಟ ಕುಡಿದಳು. ಬಾಯಾರಿದವರ ಹಾಗಲ್ಲ, ಕಷಾಯ ಕುಡಿಯುವವರ ಹಾಗೆ. ನೆತ್ತಿಗೇರಿತು, ಕೆಮ್ಮನ್ನು ಸೆರಗಿನಲ್ಲಿ ನುಂಗಿಕೊಂಡಳು. ಕೊನೆಯ ತೊಟ್ಟೂ ಬಿಡದೆ ಕುಡಿದು, ತಂಬಿಗೆ ಬೋರಲು ಹಾಕಿ, ಗಲ್ಲಿಗೆಲ್ಲ ಕೇಳುವ ಹಾಗೆ ಅಂದಳು:

"ಬಂದ್ರಾ? ಯಾಕೆ ಇವತ್ತು ಇಷ್ಟು ತಡ? ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ."

ಎದುರು ಕಿಟಕಿಯಿಂದ ಅಜ್ಜಿಯ ದನಿ. "ಬಂದನೇನೇ ನಿನ್ನ ಗಂಡ?"

"ಬಂದ್ರು ಅಜ್ಜಿ. ನೀರು ಕುಡಿದು ಒಳಗೆ ಹೋದ್ರು."

ಕದದ ಹಿಂದೆ ಸವಾರನಿಗೆ ಈಗ ತಿಳಿಯಿತು. ಅವನು ಹೊರಟ ಗಳಿಗೆಯಿಂದ ಸದ್ದು ಕೇಳುವವರೆಗೆ ಅವಳು ಹಿಡಿದು ಕೂರುತ್ತಿದ್ದ ಮುಷ್ಟಿ ಅದು. ಹಿಂದೆ 'ಕ್ಕು' ಕೇಳಿದರೆ ಬಿಚ್ಚುತ್ತಿತ್ತು, ಅವನು ಕಂಡದ್ದು ಬಿಚ್ಚಿದ ಕೈಯನ್ನೇ. ಅವನ ನೀರು ಗಲ್ಲಿಗೆ ಚೆಲ್ಲದ ಹಾಗೆ, ಅವನ ಗುಳಿಗೆ ಮಣ್ಣು ಬೀಳದ ಹಾಗೆ, ದಿನಾ ಅವಳೇ ಕುಡಿದಿದ್ದಳು.

ಅವಳು ಕದ ಮುಚ್ಚಲು ಎಳೆದಳು. ಅವನು ನಿಂತಿದ್ದ.

"ನೋಡಿಬಿಟ್ರಾ?"

"ನೋಡಿದೆ."

ಅವಳು ಬೋರಲು ಹಾಕಿದ ತಂಬಿಗೆಯ ಕಡೆ ಕೈ ತೋರಿಸಿದಳು. "ಯಾರೂ ನೋಡದೇ ಇದ್ದಾಗ ಅದು ನೀವು ಕುಡಿದ ಲೆಕ್ಕ. ನೋಡಿದ ಮೇಲೆ ನಾನು ಕುಡಿದ ಲೆಕ್ಕ. ನಾಳೆ ನಾನು ಕುಡಿಯೋ ಹಾಗಿಲ್ಲ."

"ಹಾಗಾದ್ರೆ?"

"ಸದ್ದಾದ ಮೇಲೆ ಬನ್ನಿ. ಇಲ್ಲಾಂದ್ರೆ ನಾಡಿದ್ದು ಬೆಳಿಗ್ಗೆ ಗುಳಿ ಮುಚ್ಚಬೇಕಾಗುತ್ತೆ. ನಿಮಗೆ ದಾರಿ ನಾನೇ ತೋರಿಸಬೇಕಾಗುತ್ತೆ. ನನಗೆ ಆಗಲ್ಲ ಅದು."

ಬೆಳಗಾಗುತ್ತಲೇ ಅವನು ಗಾಜಿನಂಗಡಿಗೆ ಹೋದ. ಅಂಗಡಿಯ ಹಿಂದೆ ಸಣ್ಣ ಗಾಡಿಗಳು ಸಾಲಾಗಿ ನಿಂತಿದ್ದವು. ಅವನದೂ ಇತ್ತು, ಜಾಲರಿಯಲ್ಲಿ ಹಳೇ ಸೀರೆಯ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು.

"ಬೇಕಾದ್ರೆ ತಗೊಂಡು ಹೋಗಿ ಅಣ್ಣಾ," ಅಂದ ಅಂಗಡಿಯವನು.

ಸವಾರ ಚೋಕ್ ಎಳೆದ. ವಾಲಿಸಿದ. ಕಿಕ್ ಹೊಡೆದ. ಗಾಡಿ ಸ್ಟಾರ್ಟ್ ಆಯಿತು. ಸೈಲೆನ್ಸರಿನಿಂದ ಹೊಗೆ ಬಂತು, ಹ್ಯಾಂಡಲ್ ನಡುಗಿತು. ಸದ್ದು ಮಾತ್ರ ಇಲ್ಲ. ಹತ್ತಿಯ ಮೇಲೆ ಹತ್ತಿ ಬಿದ್ದ ಹಾಗೆ.

"ಸದ್ದೆಲ್ಲಿ?"

"ಬಿಟ್ಟು ಹೋದ ಗಾಡೀಲಿ ಸದ್ದು ನಿಲ್ಲಲ್ಲ ಅಣ್ಣಾ. ನನ್ನ ಹತ್ರ ಗಾಡಿ ಸಿಗುತ್ತೆ, ಸದ್ದು ಸಿಗಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಬೇರೆಯವರ ಮನೇಲಿ ಏನು ಮುಚ್ಚಿಡ್ತಾರೆ ಅಂತ ಯೋಚನೆ ಮಾಡ್ತಿದ್ರಿ, ನನ್ನಂಗಡೀಲಿ ಏನು ಮುಚ್ಚಿಟ್ಟಿದೀನಿ ಅಂತ ನೋಡಲೇ ಇಲ್ಲ." ಅವನು ನಕ್ಕ. ಅಂಗಡಿಯ ಗಾಜಿನ ಬಾಗಿಲಲ್ಲಿ ಅವನಿಗಾಗಿ ಯಾರೂ ನೀರು ಇಟ್ಟಿರಲಿಲ್ಲ. ಯಾವತ್ತೂ ಇಟ್ಟ ಗುರುತೂ ಇರಲಿಲ್ಲ.

ಸವಾರ ದೊಡ್ಡ ಬೈಕನ್ನೇ ಹತ್ತಿದ. ನಿಧಾನ ಹೋದರೆ ಸದ್ದು ಮುಂದಾದೀತು ಎಂದು ಮೊದಲ ಗೇರಿನಲ್ಲಿ, ಬ್ರೇಕ್ ಅದುಮಿ, ಹೋರಿಯ ಮೂಗುದಾರ ಜಗ್ಗಿದ ಹಾಗೆ ಜಗ್ಗಿದ. ಇಂಜಿನ್ ಕಾದು ತೊಡೆ ಸುಟ್ಟಿತು. ಆದರೂ ಗಾಡಿ ಒಂದು ಮಾರು ಮುಂದೆ, ಸದ್ದು ಒಂದು ಮಾರು ಹಿಂದೆ. ಹಗಲೆಲ್ಲ ಬಯಲಿನಲ್ಲಿ ಸುತ್ತಿ ಸುತ್ತಿ ಪ್ರಯತ್ನಿಸಿದ. ಆಗಲಿಲ್ಲ. ಹೊತ್ತು ಇಳಿಯಿತು. ಹುಣಸೆಮರದ ತಿರುವಿಗೆ ಬಂದು ಇಂಜಿನ್ ಆರಿಸಿ ಇಳಿದ. ಸುಮ್ಮನೆ ನಡೆದು ಹೋದರೆ ಸದ್ದಿಲ್ಲ. ಸದ್ದಿಲ್ಲದಿದ್ದರೆ ನೀರಿಲ್ಲ.

ಅವನು ಹ್ಯಾಂಡಲಿಗೆ ಎದೆ ಕೊಟ್ಟು ತಳ್ಳತೊಡಗಿದ. ಆ ಭಾರದ ಗಾಡಿ, ಆ ಏರು ಗಲ್ಲಿ. ತಳ್ಳುತ್ತ, ಬಾಯಿ ತೆರೆದು, ಬಾಯಿಂದಲೇ ಸದ್ದು ಮಾಡಿದ. ದುಗುದುಗು. ದುಗುದುಗು. ದುಗುದುಗು ದುಗುದುಗು. ಕ್ಕು.

ಕಟ್ಟೆಯ ಯಜಮಾನರು ಎದ್ದು ನಿಂತರು.

"ಏನಪ್ಪಾ, ಪೆಟ್ರೋಲ್ ಖಾಲಿಯಾ?"

ಸವಾರನ ಬಾಯಿ ಖಾಲಿ ಇರಲಿಲ್ಲ. ದುಗುದುಗು ದುಗುದುಗು.

"ರಿಸರ್ವಿಗೆ ಹಾಕಪ್ಪಾ!" ಅಂದರು ಇನ್ನೊಬ್ಬರು. ಸೆಟ್ಟು ಕೈಯಲ್ಲಿ ತೆಗೆದು ಬೊಚ್ಚುಬಾಯಲ್ಲಿ ಅವನ ಎದುರಿಗೇ ನಕ್ಕರು. ಕ್ಕು, ಅಂದ ಸವಾರ. ಮುಚ್ಚಿದ ಬಾಗಿಲುಗಳು ಸಂದು ಬಿಟ್ಟವು, ಸಂದಿನಲ್ಲಿ ಕಣ್ಣುಗಳು. ನಿಜವಾ, ನಾಟಕವಾ? ಈ ಸಲ ಇನ್ನೇನು ನೋಡಲು ಬಂದ? ಬೆವರು ಕಣ್ಣಿಗಿಳಿಯಿತು. ಪಕ್ಕದಲ್ಲಿ ನಡೆಯುತ್ತಿದ್ದದ್ದರಿಂದ ಕನ್ನಡಿಯಲ್ಲಿ ಮೊಣಕೈ ಇರಲಿಲ್ಲ. ಮೊದಲ ಸಲ ಅದರಲ್ಲಿ ಹಿಂದಿನ ದಾರಿ ಕಂಡಿತು. ಅಟ್ಟಿಸಿಕೊಂಡು ಯಾರೂ ಬರುತ್ತಿರಲಿಲ್ಲ.

ಮನೆ ಮುಟ್ಟಿದಾಗ ದನಿ ಒಡೆದಿತ್ತು. ಬಾಗಿಲು ಮುಚ್ಚಿತ್ತು. ಹೊಸ್ತಿಲ ಗುಳಿಯಲ್ಲಿ ತಂಬಿಗೆ, ತಂಬಿಗೆಯಲ್ಲಿ ತುಂಬ ನೀರು.

ಒಳಗಿನಿಂದ ಅವಳ ದನಿ, ನಂಬದ ದನಿ. "ಯಾರು?"

ನಾನು ಎಂದು ಯಾರು ಬೇಕಾದರೂ ಅನ್ನಬಹುದು. ಅವನು ಒಣಗಿದ ಗಂಟಲಿನಿಂದ 'ಕ್ಕು' ಅಂದ.

ಒಳಗೆ ಬಳೆಯ ಸದ್ದು ಬಾಗಿಲ ಹತ್ತಿರ ಬಂತು. ಆಮೇಲೆ, "ಇನ್ನೊಂದ್ಸಲ."

"ಕ್ಕು."

ಚಿಲಕ ತೆಗೆದ ಶಬ್ದವಾಯಿತು. ಬಾಗಿಲಂಚಿಗೆ ಅವಳ ಕೈ ಬಂತು. ಬಿಚ್ಚಿದ ಕೈ.

"ಮೊದಲು ನೀರು ಕುಡೀರಿ."

ಅವನು ತಂಬಿಗೆ ಎತ್ತಿ ಕುಡಿದ. ಈಗ ತಾನೇ ಬಾವಿಯಿಂದ ಸೇದಿದ ತಣ್ಣನೆ ನೀರಲ್ಲ. ಬೆಚ್ಚಗಿತ್ತು, ಹಗಲಿನ ಬಿಸಿಲೆಲ್ಲ ಕುಡಿದ ನೀರು. ಮೇಲೊಂದು ಹುಣಸೆ ಎಲೆ, ಅದೂ ಬಾಡಿತ್ತು. ಅವನು ಹುಣಸೆಮರದ ಹತ್ತಿರ ಬಾಯಿ ತೆರೆಯುವುದಕ್ಕೆ ಬಹಳ ಮುಂಚೆ, ಸದ್ದೇ ಇಲ್ಲದಾಗ, ಕಟ್ಟು ಮುರಿದು, ಗಲ್ಲಿಯವರ ಕಣ್ಣೆದುರು ಇಟ್ಟ ನೀರು.

ಯಾವಾಗ ಇಟ್ಟೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅವನು ಅದನ್ನು ನೀರಿನ ಜೊತೆ ನುಂಗಿದ. ತಂಬಿಗೆಯನ್ನು ಗುಳಿಯಲ್ಲಿ ಬೋರಲು ಹಾಕಿ ಒಳಗೆ ಹೋದ.